ಆರನೆಯ ಹಾಸಿಗೆ

ಆ ಭಾನುವಾರ ಬೆಳಿಗ್ಗೆ ನಮ್ಮ ಊಟದ ಮೇಜಿನ ಮೇಲೆ, ಉಪ್ಪಿಟ್ಟಿನ ತಟ್ಟೆಗಳ ನಡುವೆ, ಒಂದು ಚೌಕುಳಿ ಹಾಳೆ ಹರಡಿಕೊಂಡಿತ್ತು. ಫ್ಯಾನಿನ ಗಾಳಿಗೆ ಹಾರದಿರಲೆಂದು ಅದರ ಒಂದು ಮೂಲೆಗೆ ಶೇಂಗಾ ಚಟ್ನಿಯ ಡಬ್ಬಿ, ಇನ್ನೊಂದಕ್ಕೆ ನನ್ನ ಕನ್ನಡಕದ ಪೆಟ್ಟಿಗೆ. ಪುಣೆಯ ಒಂದು ಕನ್ನಡ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಗಣಿತ ಕಲಿಸಿದವಳು ನಾನು. ಅದರಲ್ಲಿ ಹದಿನೆಂಟು ವರ್ಷ ಶಾಲೆಯ ವೇಳಾಪಟ್ಟಿ ಹಾಕಿದವಳೂ ನಾನೇ. ಯಾವ ಸರ್‌ಗೆ ಬೆಳಗಿನ ಮೊದಲ ತಾಸು ಆಗದು, ಯಾವ ಇಬ್ಬರನ್ನು ಒಂದೇ ಮಹಡಿಯಲ್ಲಿ ಇಡಬಾರದು, ಆಟದ ತಾಸನ್ನು ಎಲ್ಲಿಟ್ಟರೆ ಮುಂದಿನ ಪಾಠ ಹಾಳಾಗದು ಎಂಬುದನ್ನೆಲ್ಲ ಇಂಥದೇ ಹಾಳೆಯ ಮೇಲೆ ಪೆನ್ಸಿಲಿನಿಂದ ಬಿಡಿಸಿ, ಅಳಿಸಿ, ಮತ್ತೆ ಬಿಡಿಸಿ ಹೊಂದಿಸುತ್ತಿದ್ದೆ. ನಿವೃತ್ತಿಯಾದ ಮೇಲೆ ಆ ಕೈಗೆ ಕೆಲಸವಿರಲಿಲ್ಲ. ಈಗ ಬಂದಿತ್ತು. ಹಾಳೆಯ ನೆತ್ತಿಯ ಮೇಲೆ ದುಂಡಗೆ ಬರೆದಿದ್ದೆ: ಹಡಗು.

ಪುಣೆಯಲ್ಲಿ ಸಮುದ್ರವಿಲ್ಲ ಎಂಬುದು ನಿಮಗೂ ಗೊತ್ತು. ಹಡಪಸರದ ನಮ್ಮ ಮನೆಯ ಬಾಲ್ಕನಿಯಿಂದ ಕಾಣುವ ಅತಿ ದೊಡ್ಡ ಜಲರಾಶಿಯೆಂದರೆ ಎದುರು ಕಟ್ಟಡದ ನೀರಿನ ಟ್ಯಾಂಕು. ಅಂಥ ಮನೆಯೊಳಗೆ ಹಡಗು ಬಂದದ್ದು ನನ್ನ ಮಗ ಗಿರೀಶನಿಂದ. ಅವನು ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳುವವನು. ಯಂತ್ರಕ್ಕೆ ಹಬ್ಬ ಹುಣ್ಣಿಮೆ ತಿಳಿಯುವುದಿಲ್ಲವಾದ್ದರಿಂದ ಅವನಿಗೂ ತಿಳಿಯುವುದಿಲ್ಲ. ಮಹಾಬಳೇಶ್ವರಕ್ಕೆ ಹೋದರೂ ಗುಡ್ಡದ ತುದಿಯಲ್ಲಿ ನಿಂತು ಫೋನಿನಲ್ಲಿ ಯಾವುದೋ ಪಂಪಿನ ರೋಗ ಕೇಳುತ್ತಿರುತ್ತಾನೆ. ದೀಪಾವಳಿಗೆ ಕಾರ್ಖಾನೆ ಒಂದು ವಾರ ಮುಚ್ಚುತ್ತದೆಂದು ತಿಳಿದ ದಿನ ಅವನು ಹೇಳಿದ್ದು ಇಷ್ಟು: "ಈ ಸಲ ಹಡಗಿನಾಗ ಹೋಗೋಣು. ನಡುನೀರಾಗ ಫೋನು ಹತ್ತಂಗಿಲ್ಲ ಅಂತಾರ."

ಹೋಗುವವರು ಐವರು: ಅವನು, ಅವನ ಹೆಂಡತಿ ಸುವರ್ಣಾ, ಮೂರು ಮಕ್ಕಳು. ಹಿರಿಯ ಈಶಾಗೆ ಹದಿನೈದು, ನಡುವಿನ ಓಂಕಾರನಿಗೆ ಒಂಬತ್ತು, ಕೊನೆಯ ಮೀರಾಗೆ ಎರಡೂವರೆ. ಒಂದೊಂದು ಮಗು ಒಂದೊಂದು ಯುಗದಲ್ಲಿ ಹುಟ್ಟಿದಂತಿರುವ ಈ ಮೂವರನ್ನು ಒಂದೇ ಸಿನಿಮಾಕ್ಕೆ ಕೂರಿಸುವುದೇ ಕಷ್ಟ. ಒಂದೇ ಹಡಗಿಗೆ ಏರಿಸುವುದೆಂದರೆ ಕೇಳಬೇಡಿ. ಒಂದು ಕ್ಯಾಬಿನ್ನಿನಲ್ಲಿ ಮೂವರು ಆರಾಮ. ಹಾಗಾಗಿ ಎರಡು ಕ್ಯಾಬಿನ್ ಬೇಕು, ಎರಡು ಕ್ಯಾಬಿನ್ನೆಂದರೆ ಆರು ಹಾಸಿಗೆ. ಐವರು ಹೋಗುವ ಕಡೆ ಆರು ಹಾಸಿಗೆಯಿದ್ದರೆ ಆರನೆಯದು ಯಾರದು ಎಂಬ ಲೆಕ್ಕ ಬಿಡಿಸಲು ಗಣಿತದ ಟೀಚರು ಬೇಕಿಲ್ಲ. ಯಜಮಾನರು ತೀರಿಕೊಂಡ ಮೇಲೆ ಈ ಮನೆಯಲ್ಲಿ ಆರನೆಯವಳು ನಾನು. ಸುವರ್ಣಾ ಕಚೇರಿಗೆ ಹೋದಮೇಲೆ ಮೀರಾಳಿಗೆ ಉಣಿಸುವವಳು, ತೊಳೆಸುವವಳು, ಮಲಗಿಸುವವಳು ನಾನು. ಯಾರೂ ಬಾಯಿಬಿಟ್ಟು ಹೇಳದಿದ್ದರೂ ನಾನು ಮನಸ್ಸಿನಲ್ಲೇ ಎರಡು ಹತ್ತಿಯ ಸೀರೆ ತೆಗೆದಿರಿಸಿಕೊಂಡಿದ್ದೆ.

ಆಗ ಒಂದು ಸಂಜೆ ಬೆಳ್ಳುಳ್ಳಿ ಸುಲಿಯುತ್ತ ಸುವರ್ಣಾ ಹೇಳಿದಳು: "ಅತ್ತೀ, ಒಂದು ಮಾತು ಕೇಳತೀನಿ, ಬ್ಯಾಸರ ಮಾಡಿಕೋಬ್ಯಾಡ್ರಿ. ಹಡಗಿಗೆ ನಮ್ಮವ್ವನ್ನ ಕರಕೊಂಡು ಹೋಗೋಣೇನು ಅಂತ ನಮ್ಮ ವಿಚಾರ ಅದ. ಮೀರಾನ್ನ ಹಿಡಿಯಲಿಕ್ಕ ಒಬ್ಬರು ಬೇಕಲ್ಲ. ನಿಮಗ ಬಸ್ಸಿನಾಗ ಕೂತರ ಸೈತ ತಲಿ ತಿರಗತದ. ನೀರಿನ ಮ್ಯಾಲ ಭಾಳ ತ್ರಾಸ ಆಗತದ್ರಿ."

ಅವಳ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕಾತ್ರಜ್ ಘಾಟಿನ ನಾಲ್ಕನೆಯ ತಿರುವಿಗೆ ನಾನು ಕಿಟಕಿಯಿಂದ ತಲೆ ಹೊರಗೆ ಹಾಕುವುದು ನಮ್ಮ ಮನೆತನದಲ್ಲಿ ಎಲ್ಲರಿಗೂ ತಿಳಿದ ವಿಷಯ. "ಛಲೋ ಆತಲ್ಲ, ಕರಕೊಂಡು ಹೋಗ್ರಿ" ಎಂದೆ, ನಗುತ್ತಲೇ. ಆಮೇಲೆ ಒಳಗೆ ಹೋಗಿ, ಮಡಚಿಟ್ಟ ಬಟ್ಟೆಗಳನ್ನೇ ಮತ್ತೊಮ್ಮೆ ಬಿಚ್ಚಿ ಮಡಚಿದೆ.

ಮಿತ್ರರೇ, ಬೀಗಿತ್ತಿ ಎಂಬ ಪದವನ್ನು ನೀವು ಎಂದಾದರೂ ನಿಧಾನವಾಗಿ ಉಚ್ಚರಿಸಿ ನೋಡಿದ್ದೀರಾ? ಅದರೊಳಗೆ ಒಂದು ಬೀಗವಿದೆ. ಬೀಗುವ ಗುಣವೂ ಇದೆ. ಇಪ್ಪತ್ತು ವರ್ಷದ ಹತ್ತಿರ ಹತ್ತಿರ ನಾನೂ ಸುವರ್ಣಾಳ ತಾಯಿ ಗೌರಾಬಾಯಿಯೂ ಬೀಗಿತ್ತಿಯರು. ಅವರಿರುವುದು ಇಂದಾಪುರದಲ್ಲಿ, ಅವರೂ ನನ್ನ ಹಾಗೆ ಗಂಡನನ್ನು ಕಳೆದುಕೊಂಡವರು, ಅಲ್ಲಿ ಒಬ್ಬರೇ ಇರುತ್ತಾರೆ. ಮೂರು ತಿಂಗಳಿಗೊಮ್ಮೆ ಸರ್ಕಾರಿ ಬಸ್ಸಿನಲ್ಲಿ ಸೋಲಾಪುರ ಹೆದ್ದಾರಿ ಹಿಡಿದು ಬಂದು ಹಡಪಸರದಲ್ಲಿ ಇಳಿಯುತ್ತಾರೆ, ಕೈಯಲ್ಲಿ ಹೊಟ್ಟೆ ಬಿರಿದ ಒಂದು ಚೀಲ. ಆ ಚೀಲದಲ್ಲಿ ಶೇಂಗಾ ಹೋಳಿಗೆ, ಬೆಲ್ಲದ ಉಂಡೆ, ಸುಟ್ಟ ಜೋಳದ ಸೀತನಿ, ಒಮ್ಮೊಮ್ಮೆ ಸಿಪ್ಪೆ ಸುಲಿದ ಕಬ್ಬಿನ ಗಣಿಕೆ. ಬಾಗಿಲ ಗಂಟೆ ಬಾರಿಸಿದ್ದೇ ತಡ, ಓಂಕಾರ ಬರೆಯುತ್ತಿದ್ದ ಲೆಕ್ಕ ಬಿಟ್ಟು ಓಡುತ್ತಾನೆ. ಯಾರು ಕರೆದರೂ ಕಿವಿಯಿಂದ ತಂತಿ ತೆಗೆಯದ ಈಶಾ ತಂತಿ ತೆಗೆದು "ಇಂದಾಪುರ ಆಯಿ ಬಂದ್ಲು" ಎನ್ನುತ್ತ ಎದ್ದು ಬರುತ್ತಾಳೆ. ದಿನಾಲೂ ಅನ್ನ ಸಾರು ಬಡಿಸುವ ನನ್ನ ಕಡೆಗೆ ಯಾರಾದರೂ ಎಂದಾದರೂ ಓಡಿ ಬಂದದ್ದುಂಟೇ? ಉಂಟು, ಶಾಲೆಯ ಡಬ್ಬಿ ಮರೆತಾಗ. ಅವರು ಬಂದಿರುವ ನಾಲ್ಕು ದಿನ ನಾನು ಸೊಪ್ಪಿಗೆ ಉಪ್ಪು ಹೆಚ್ಚು ಹಾಕುತ್ತೇನೆಂದು ಮಗ ಹೇಳುತ್ತಾನೆ. ಇರಬಹುದು. ಹೊಟ್ಟೆಯಲ್ಲಿ ಕಿಚ್ಚು ಇಟ್ಟುಕೊಂಡು ಒಲೆಯ ಮುಂದೆ ನಿಂತವರ ಕೈ ಸ್ಥಿಮಿತದಲ್ಲಿರುವುದಿಲ್ಲ.

ಮರುದಿನ ನಾನೇ ಹೇಳಿದೆ: ಹಡಗು ಆರಿಸುವ ಕೆಲಸ ನನಗೆ ಬಿಡಿ. ಮಗ, ಸೊಸೆ ಇಬ್ಬರಿಗೂ ಸಂತೋಷವಾಯಿತು. ನನಗೆ ಏಕೆ ಅಷ್ಟು ಉತ್ಸಾಹವೆಂದು ಅವರು ಕೇಳಲಿಲ್ಲ. ಕೇಳಿದ್ದರೂ ಆಗ ನಾನು ನಿಜ ಹೇಳುತ್ತಿರಲಿಲ್ಲ.

ಹಾಳೆಯ ಎಡಕ್ಕೆ ಹಡಗುಗಳು, ಮೇಲೆ ಮಕ್ಕಳ ಹೆಸರುಗಳು. ಪ್ರವಾಸದ ಕಚೇರಿಯೊಂದಕ್ಕೆ ಫೋನು ಮಾಡಿದರೆ ಅಲ್ಲಿದ್ದ ಹೆಂಗಸು ಮೊದಲು ಕೇಳಿದ್ದೇ "ಆಜೀ, ಮುಲಾಂಚೀ ವಯಂ ಸಾಂಗಾ" ಎಂದು. ಮಕ್ಕಳ ವಯಸ್ಸು ಹೇಳಿದೆ. ಹದಿನೈದು, ಒಂಬತ್ತು, ಎರಡೂವರೆ ಎಂದು ಕೇಳಿ ಆಕೆ ಒಂದೊಂದು ವಯಸ್ಸಿಗೂ ಒಂದೊಂದು ನಿಯಮ ಓದತೊಡಗಿದಳು. ಹಡಗಿನವರಿಗೆ ಮನುಷ್ಯರು ಹೆಸರಿನಿಂದಲ್ಲ, ವಯಸ್ಸಿನಿಂದ ಗೊತ್ತು. ಮಕ್ಕಳ ಆಟದ ಕೋಣೆಗೆ ಮೂರು ತುಂಬಿರಬೇಕು. ಡೈಪರು ಹಾಕುವ ಕೂಸು ಈಜುಕೊಳಕ್ಕೆ ಇಳಿಯಬಾರದು. ನೀರಿನ ಜಾರುಬಂಡೆಗೆ ಇಷ್ಟು ಎತ್ತರ ಬೇಕು. ಓಂಕಾರ ಅದನ್ನು ಕೇಳಿದವನೇ ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತು ನನ್ನಿಂದ ಅಳೆಸಿಕೊಂಡ, ಎರಡು ಬೆರಳು ಹೆಚ್ಚೇ ಇದ್ದ. ಹದಿಹರೆಯದವರಿಗೆ ಬೇರೆ ಕೋಣೆ, ಅಲ್ಲಿಗೆ ದೊಡ್ಡವರು ಬರುವಂತಿಲ್ಲ. ಈಶಾಳನ್ನು ಕರೆದು ನಿನಗೆ ಏನು ಬೇಕವ್ವ ಎಂದು ಕೇಳಿದೆ. ಅವಳು ಫೋನಿನಿಂದ ಕಣ್ಣೆತ್ತದೆ, "ಏನೂ ಬ್ಯಾಡ ಅಜ್ಜಿ. 'ಈಶಾ, ಜರಾ ಮೀರಾನ್ನ ನೋಡ್ಕೋ' ಅಂತ ಅಲ್ಲಿ ಯಾರೂ ಅನಬಾರದು, ಬಸ್" ಎಂದಳು.

ಎರಡು ಹಡಗು ಉಳಿದವು. ಒಂದು ಮುಂಬಯಿಯಿಂದ ಗೋವೆಗೆ ಹೋಗಿ ಬರುವುದು, ಸಾಧಾರಣದ್ದು. ಇನ್ನೊಂದು ಸಿಂಗಾಪುರದಿಂದ ಹೊರಡುವುದು, ಒಂದು ಪೇಟೆಯನ್ನೇ ನೀರಿಗೆ ಬಿಟ್ಟಷ್ಟು ದೊಡ್ಡದು. ಅದರಲ್ಲಿ ಆರು ತಿಂಗಳ ಕೂಸಿನಿಂದ ಹಿಡಿದು ನೋಡಿಕೊಳ್ಳುವ ಕೋಣೆಯಿತ್ತು. ಕೂಸಿಗೆ ಕೋಣೆಯಿದ್ದರೆ ಕೂಸು ಹಿಡಿಯಲು ಅಜ್ಜಿ ಬೇಕಿಲ್ಲ. ಇನ್ನೂ ಒಂದು ಸಂಗತಿ ನನಗೆ ಚೆನ್ನಾಗಿ ಗೊತ್ತಿತ್ತು. ಗಿರೀಶನನ್ನು ಪರದೇಶಕ್ಕೆ ಕಳಿಸುವ ಮಾತು ಒಮ್ಮೆ ಕಾರ್ಖಾನೆಯಲ್ಲಿ ಬಂದಾಗ ಅವರೈವರ ಪಾಸ್‌ಪೋರ್ಟು ಆಗಿದ್ದವು. ಗೌರಾಬಾಯಿಯ ಹತ್ತಿರ ಪಾಸ್‌ಪೋರ್ಟು ಇರಲಿಲ್ಲ.

ಈಗ ತಪ್ಪೊಪ್ಪಿಗೆ. ಆ ದೊಡ್ಡ ಹಡಗಿನ ಕಾಗದದ ಕೊನೆಯ ಪುಟದಲ್ಲಿ, ಇರುವೆಯಂಥ ಅಕ್ಷರದಲ್ಲಿ ಒಂದು ಸಾಲಿತ್ತು: ಮೂರು ವರ್ಷದ ಒಳಗಿನ ಮಗುವನ್ನು ಆ ಕೋಣೆಯಲ್ಲಿ ಬಿಟ್ಟು ಹೋಗುವಂತಿಲ್ಲ, ತಂದೆ ಅಥವಾ ತಾಯಿ ಜೊತೆಯಲ್ಲೇ ಕೂತಿರಬೇಕು. ನಾನು ಓದಿದೆ. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಪರೀಕ್ಷೆಯಲ್ಲಿ ಮಕ್ಕಳು ಒಂದು ಹಂತ ಬಿಟ್ಟು ಉತ್ತರ ಬರೆದರೆ ಅಂಕ ಕಳೆಯುತ್ತಿದ್ದ ಇದೇ ನಾನು, ಹಾಳೆಯ ಮೇಲೆ ಮೀರಾಳ ಹೆಸರಿನ ಕೆಳಗೆ 'ಕೂಸಿನ ಕೋಣೆ ಇದೆ' ಎಂದು ಬರೆದು, ಪಕ್ಕದ ಚೌಕವನ್ನು ಖಾಲಿ ಬಿಟ್ಟೆ. ಮತ್ಸರಕ್ಕೆ ಸುಳ್ಳು ಬರೆಯುವ ಧೈರ್ಯ ಬೇಕಾಗುವುದಿಲ್ಲ. ಒಂದು ಚೌಕ ಖಾಲಿ ಬಿಟ್ಟರೆ ಸಾಕು.

ಅದನ್ನೇ ಆ ಭಾನುವಾರ ಉಪ್ಪಿಟ್ಟಿನ ನಡುವೆ ಹರಡಿ ವಿವರಿಸಿದ್ದು. ಗಿರೀಶ ಹಾಳೆಯನ್ನು ಎತ್ತಿ ನೋಡಿ, "ಅವ್ವಾ, ಸಾಲಿ ಟೈಮ್‌ಟೇಬಲ್ ಹಾಕಿದಂಗ ಹಾಕೀ ನೋಡು" ಎಂದು ಮೆಚ್ಚಿದ. ಸುವರ್ಣಾ ಮಾತ್ರ ಬೆರಳಿನಿಂದ ಮೀರಾಳ ಸಾಲನ್ನು ಹಿಡಿದು ನಿಧಾನವಾಗಿ ಕೇಳಿದಳು, "ಹಂಗಾದ್ರ ನಮ್ಮವ್ವ ಬರೂದು ಬೇಕಾಗಂಗಿಲ್ಲ ಅಲ್ಲರಿ?"

"ಪಾಪ, ಅವರಿಗ್ಯಾಕ ತ್ರಾಸ" ಎಂದೆ.

ಅವಳು ಫೋನು ಹಿಡಿದು ಬಾಲ್ಕನಿಗೆ ಹೋದಳು. ಅವಳ ದನಿಯಷ್ಟೇ ಕೇಳುತ್ತಿತ್ತು. "ಇಲ್ಲವ್ವ, ಅಲ್ಲೇ ಕೂಸಿನ ಕೋಣಿ ಅದ ಅಂತ... ಹೂಂ... ಯಾರ್‍ಯಾರಿಗೆ ಹೇಳಿದ್ದಿ?... ಇರ್ಲಿ ಬಿಡು, ಮುಂದಿನ ಸಲ." ನಾನು ಚಹಾಕ್ಕೆ ಶುಂಠಿ ಜಜ್ಜುತ್ತ ಕೇಳಿಸಿಕೊಂಡೆ. ಆ ಹೊತ್ತಿಗೆ ನನಗೆ ದುಃಖವಾಯಿತೆಂದು ಬರೆದರೆ ನೀವು ನನ್ನನ್ನು ಒಳ್ಳೆಯವಳೆಂದು ತಿಳಿದೀರಿ. ಇಲ್ಲ, ನನಗೆ ಸುಖವಾಯಿತು. ಅಂದಿನ ಚಹಾ ಬಹಳ ರುಚಿಯಾಗಿತ್ತು.

ಮುಂದಿನ ಶುಕ್ರವಾರ ಗೌರಾಬಾಯಿಯೇ ಬಂದರು. ಮಕ್ಕಳಿಗೆ ಪ್ರವಾಸಕ್ಕೆ ಕೆಲವು ಸಾಮಾನು ಕೊಟ್ಟು ಸಂಜೆಯ ಬಸ್ಸಿಗೆ ತಿರುಗಿ ಹೋಗುತ್ತೇನೆಂದು ಫೋನು ಮಾಡಿದ್ದರು. ಮಗ ಸೊಸೆ ಕೆಲಸಕ್ಕೆ, ದೊಡ್ಡ ಮಕ್ಕಳು ಶಾಲೆಗೆ ಹೋಗಿದ್ದರಿಂದ ಮೀರಾಳನ್ನು ಎತ್ತಿಕೊಂಡು ನಾನೇ ಬಸ್ ನಿಲ್ದಾಣಕ್ಕೆ ಹೋದೆ. ಬಿಸಿಲು ಜೋರಾಗಿತ್ತು. ಪಕ್ಕದಲ್ಲೇ ಕರಾವಳಿಯವರ ಹೋಟೆಲಿತ್ತು. ಒಂದು ಗಳಿಗೆ ಕೂತು ಹೋಗೋಣವೆಂದು ಒಳಗೆ ಹೋದೆವು. ಗೌರಾಬಾಯಿ ಕೈ ಚಾಚಿದರೆ ಮೀರಾ ನನ್ನ ಕುತ್ತಿಗೆಯನ್ನು ಬಿಗಿಯಾಗಿ ಹಿಡಿದು ಮುಖ ಮುಚ್ಚಿಕೊಂಡಳು. ನನಗೆ ಒಳಗೊಳಗೇ ಹಿತವೆನಿಸಿತು ಎಂಬುದನ್ನೂ ಹೇಳಿಬಿಡುತ್ತೇನೆ.

ಚಹಾ ಬರುವ ಮೊದಲು ಗೌರಾಬಾಯಿ ಚೀಲದಿಂದ ಒಂದು ಪಟ್ಟಿ ತೆಗೆದರು. ಹಳೆಯ ಇಳಕಲ್ ಸೀರೆಯ ಮೆತ್ತನೆಯ ಬಟ್ಟೆಯನ್ನು ನಾಲ್ಕು ಪದರ ಮಾಡಿ ಹೊಲಿದದ್ದು, ಐದಾರು ಮೊಳ ಉದ್ದ, ಎರಡೂ ತುದಿಗೆ ಗುಂಡಿ.

"ಇದನ್ನ ಸುವರ್ಣಾಗ ಕೊಡ್ರಿ ಅಕ್ಕಾರ" ಎಂದರು. ನಾನು ಟೀಚರಾಗಿದ್ದವಳೆಂದು ಅವರು ಮೊದಲಿನಿಂದ ನನ್ನನ್ನು ಅಕ್ಕಾರ ಎನ್ನುತ್ತಾರೆ. "ಒಂದು ತುದಿ ಕೂಸಿನ ನಡಕ್ಕ, ಒಂದು ತುದಿ ತನ್ನ ನಡಕ್ಕ ಕಟ್ಟಿಕೋ ಅನ್ರಿ. ಹಡಗಿನ ಕಟಾಂಜನದಾಗ ಸಂದಿ ಇರತಾವಂತ. ನಾನು ಕಟ್ಟಿಕೊಂಡು ಅಡ್ಡಾಡಬೇಕು ಅಂತ ಹೊಲದಿದ್ದೆ. ನನ್ನ ನಡಾ ದಪ್ಪ, ಅಕಿದು ಸಣ್ಣದು, ಅದಕ್ಕ ಇನ್ನೊಂದು ಗುಂಡಿ ಹಚ್ಚಿಕೊಂಡು ಬಂದೆ."

ನಾನು ಪಟ್ಟಿಯನ್ನು ಕೈಗೆ ತೆಗೆದುಕೊಂಡೆ. ಹೊಲಿಗೆ ಇರುವೆ ಸಾಲಿನಂತೆ ಒತ್ತೊತ್ತಾಗಿತ್ತು. ಏನಾದರೂ ಮಾತಾಡಬೇಕೆಂದು, "ನಿಮ್ಮನ್ನ ಕಂಡ್ರ ಹುಡುಗ್ರು ಓಡಿ ಬರ್ತಾವ. ಹಡಗಿನಾಗೂ ನೆನಸ್ತಾವ" ಎಂದೆ.

"ಅವು ಚೀಲದ ಕಡೆ ಓಡಿ ಬರ್ತಾವರಿ, ನನ್ನ ಕಡೆ ಅಲ್ಲ." ಅವರು ನಗಲೂ ಇಲ್ಲ, ಅಳಲೂ ಇಲ್ಲ, ಬಸ್ಸಿನ ವೇಳೆ ಹೇಳಿದಂತೆ ಹೇಳಿದರು. "ಖಾಲಿ ಕೈಲೆ ಬಂದು ನೋಡೂ ಧೈರ್ಯ ನನಗ ಇನ್ನೂ ಆಗಿಲ್ಲ. ಈ ಸಣ್ಣಾಕಿ ನೋಡ್ರಿ, ಪ್ರತಿ ಸಲ ನನ್ನ ಮೊದಲಿಂದ ಗುರ್ತು ಹಿಡೀಬೇಕು. ಎರಡು ದಿನ ಅದಕ್ಕ ಹೋಗತದ. ಗುರ್ತು ಹತ್ತಿ ಮಡಲಾಗ ಬಂದು ಕೂಡೂದ್ರಾಗ ನನ್ನ ಬಸ್ಸಿನ ಹೊತ್ತಾಗತದ. ಹಡಗಿನಾಗ ಐದು ದಿನ ಒಂದೇ ಖೋಲ್ಯಾಗ ಮಲಗಿದ್ರ ಮರೀಲಿಕ್ಕಿಲ್ಲ ಅಂತ ಅನ್ಕೊಂಡಿದ್ದೆ. ಇರ್ಲಿ. ನಿಮಗ ಖರೆ ಹೇಳತೀನಿ ಅಕ್ಕಾರ, ಬಾಳ್ಯಾಗ ಯಾರ ಮ್ಯಾಲೂ ನನಗ ಹೊಟ್ಟಿಕಿಚ್ಚಿಲ್ಲ, ನಿಮ್ಮ ಮ್ಯಾಲ ಒಬ್ಬರ ಮ್ಯಾಲ ಅದ."

ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು. ಇಷ್ಟು ವರ್ಷ ನಾನು ಆ ಬಾಗಿಲ ಗಂಟೆಯ ಸಪ್ಪಳಕ್ಕೆ ಉರಿದುಕೊಂಡಿದ್ದೆ. ಈ ಹೆಂಗಸು ಇಂದಾಪುರದಲ್ಲಿ ಕೂತು ನನ್ನ ಗಂಟೆಯಿಲ್ಲದ ದಿನಗಳಿಗೆ ಉರಿದುಕೊಂಡಿದ್ದಳು. ಅವಳು ಅದನ್ನು ಚಹಾ ಹೋಟೆಲಿನಲ್ಲಿ ಸಲೀಸಾಗಿ ಹೇಳಿದಳು. ನಾನು ಹೇಳದೆ ಒಂದು ಚೌಕವನ್ನು ಖಾಲಿ ಬಿಟ್ಟಿದ್ದೆ. ಆಗಲೇ ಹೇಳಿಬಿಡಬೇಕೆಂದು ಮಾತು ನಾಲಿಗೆಯ ತುದಿಗೆ ಬಂತು, ಆಚೆಗೆ ಬರಲಿಲ್ಲ. ಸಂಜೆ ಅವರನ್ನು ಬಸ್ಸಿಗೆ ಹತ್ತಿಸಿ, ಕೈ ಬೀಸಿ, ಪಟ್ಟಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದೆ.

ಸುವರ್ಣಾ ಬಂದು ಕೈಕಾಲು ತೊಳೆದು ಚಪಾತಿಯ ಹಿಟ್ಟು ನಾದಲು ನಿಂತಿದ್ದಳು. ಪಟ್ಟಿಯನ್ನು ಅವಳ ಮುಂದಿಟ್ಟು, ಆ ಕಾಗದದ ಕೊನೆಯ ಪುಟವನ್ನೂ ಇಟ್ಟು ಹೇಳಿದೆ: "ಈ ಸಾಲು ನಾನು ಮೊದಲೇ ಓದಿದ್ದೆ. ಬೇಕಂತಲೇ ಬರೀಲಿಲ್ಲ. ನಿಮ್ಮವ್ವ ಬರಬಾರದು ಅಂತ."

ಅವಳು ಹಿಟ್ಟಿನ ಕೈಯನ್ನು ದೂರ ಹಿಡಿದು ಬಾಗಿ ಆ ಸಾಲನ್ನು ಓದಿದಳು. ಆಮೇಲೆ ನನ್ನ ಮುಖ ನೋಡಿದಳು. "ಅವ್ವ ಓಣಿ ಮಂದಿಗೆಲ್ಲಾ ಹೇಳಿಬಿಟ್ಟಿದ್ಲು ಅತ್ತಿ" ಎಂದಳು. ಕೈಗೆ ಅಂಟಿದ ಹಿಟ್ಟನ್ನು ಉಜ್ಜಿ ತೆಗೆಯುತ್ತ, "ನಾನೂ ಬರ್ತೀನಿ ಅಂತ ನೀವು ಒಂದು ಮಾತು ಅಂದಿದ್ರ ನಾ ಬ್ಯಾಡ ಅಂತಿದ್ನೇನು?" ಎಂದು ಕೇಳಿದಳು. ಕೇಳಿ ಪಡೆಯುವುದಕ್ಕಿಂತ ಕರೆಸಿಕೊಳ್ಳಬೇಕೆಂಬ ಹಟ ನನ್ನದು. ಕರೆಯದಿದ್ದಾಗ ಬೇರೆಯವರಿಗೂ ದಾರಿ ಮುಚ್ಚಬೇಕೆಂಬುದು ಆ ಹಟದ ತಂಗಿ.

ಎರಡು ದಿನ ಅವಳು ಬೇಕಾದಷ್ಟೇ ಮಾತಾಡಿದಳು. ಪಾತ್ರೆಗಳ ಸದ್ದು ಸ್ವಲ್ಪ ಹೆಚ್ಚಿತ್ತು. ಮಗನಿಗೆ ಅವಳು ಹೇಳಿದಳೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಮೂರನೆಯ ದಿನ ನಾನು ಹೊಸ ಹಾಳೆ ತೆಗೆದು ಒಂದೂ ಚೌಕ ಬಿಡದೆ ತುಂಬಿದೆ. ಗೋವೆಯ ಹಡಗೇ ಸರಿ ಎಂದು ಯಾರಿಗೂ ತಿಳಿಯುವಂತಿತ್ತು. ಓಂಕಾರನಿಗೆ ಜಾರುಬಂಡೆ ಅದರಲ್ಲೂ ಇತ್ತು. ಮೀರಾಳಿಗೆ ಕೋಣೆಯಿರಲಿಲ್ಲ, ಆದರೆ ಆಯಿ ಇದ್ದಳು; ಆಯಿ ಇದ್ದರೆ ಈಶಾಳಿಗೆ ಬೇಕಾದ ಸ್ವಾತಂತ್ರ್ಯ ತಾನಾಗಿ ಬರುತ್ತಿತ್ತು. ಪಾಸ್‌ಪೋರ್ಟಿನ ಗೊಡವೆಯೂ ಇರಲಿಲ್ಲ. ಹಾಳೆ ನೋಡಿ ಸುವರ್ಣಾ, "ಇನ್ನೊಂದು ಕ್ಯಾಬಿನ್ ತಗೊಂಡ್ರ ನೀವೂ ಬರಬಹುದು ಅತ್ತಿ" ಎಂದಳು. ದನಿ ಮೆತ್ತಗಾಗಿತ್ತು. ನಾನು ಬೇಡವೆಂದೆ. ಕಾತ್ರಜ್ ಘಾಟಿನ ನೆಪ ಹೇಳಿದೆ, ನೆಪವಾದರೂ ಅದು ನಿಜವೇ ಆಗಿತ್ತು. ಇಂದಾಪುರಕ್ಕೆ ಫೋನು ಮಾಡುವ ಕೆಲಸವನ್ನು ಮಾತ್ರ ನಾನೇ ಕೇಳಿ ಪಡೆದೆ. ಸಿಂಗಾಪುರದ ಹಡಗು ಏಕೆ ಬಂದಿತ್ತು, ಏಕೆ ಹೋಯಿತು, ಎಲ್ಲವನ್ನೂ ಗೌರಾಬಾಯಿಗೆ ಹೇಳಿದೆ. ಅವರು ಕೊನೆಯವರೆಗೆ ಕೇಳಿದರು. ಆಮೇಲೆ, "ನಾನು ನಿಮ್ಮ ಜಾಗಾದಾಗ ಇದ್ರ ಹಾಳೀನ ಹರದು ಒಗೀತಿದ್ನಿರಿ" ಎಂದು ಹೇಳಿ ನಕ್ಕರು.

ಅವರು ಹೋದ ಆ ಐದು ದಿನ ನನ್ನ ವೇಳಾಪಟ್ಟಿಯೇ ನನ್ನ ಶತ್ರುವಾಯಿತು. ಹಡಗಿನ ದಿನಚರಿ ನನಗೆ ಬಾಯಿಪಾಠ. ನಾಲ್ಕು ಗಂಟೆ ಹೊಡೆದರೆ ಈಗ ಓಂಕಾರ ಜಾರುತ್ತಿದ್ದಾನೆ, ಐದಕ್ಕೆ ಮೀರಾ ಮೇಲಿನ ಅಟ್ಟದಲ್ಲಿ ಗಾಳಿಗೆ ಹೋಗಿದ್ದಾಳೆ ಎಂದು ಗೋಡೆಯ ಗಡಿಯಾರ ನನಗೆ ವರದಿ ಒಪ್ಪಿಸುತ್ತಿತ್ತು. ಗೋವೆಯಲ್ಲಿ ನಿಂತಾಗ ಈಶಾ ಒಂದು ಫೋಟೋ ಕಳಿಸಿದಳು: ಕಟಾಂಜನದ ಪಕ್ಕದಲ್ಲಿ ಗೌರಾಬಾಯಿ, ನಡುವಿಗೆ ಇಳಕಲ್ ಪಟ್ಟಿ, ಪಟ್ಟಿಯ ಇನ್ನೊಂದು ತುದಿಯಲ್ಲಿ ಮೀರಾ, ಹಿಂದೆ ನೀರೋ ನೀರು. ಮತ್ಸ್ಯಗಳಿರುವ ಕಡಲು ಅಲ್ಲಿ, ಮತ್ಸರವಿರುವ ಕಡಲು ಇಲ್ಲಿ. ಆ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಮೀರಾಳ ಮುಖ ನೋಡಿದೆ. ನಗುತ್ತಿದ್ದಳು. ನನ್ನನ್ನು ನೆನೆದು ಅತ್ತಿದ್ದರೆ ಒಳಿತಿತ್ತು ಎಂದು ಅನ್ನಿಸಿದ್ದನ್ನು ಯಾರ ಮುಂದೂ ಹೇಳಿಲ್ಲ, ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಹಿಂದಿರುಗಿದ ದಿನ ಗೌರಾಬಾಯಿ ಅಂದೇ ಇಂದಾಪುರಕ್ಕೆ ಹೊರಟು ನಿಂತರು. ಅವರ ಚಪ್ಪಲಿಯನ್ನು ನಾನು ಒಳಗೆ ಎತ್ತಿಟ್ಟೆ. "ಎಂಟು ದಿನ ಇದ್ದು ಹೋಗ್ರಿ. ನಿಮ್ಮ ಗುರ್ತು ಈಗ ತಾನೇ ಹತ್ತೇದ" ಎಂದೆ. ಅವರು ಉಳಿದರು.

ಮರುದಿನ ಮಧ್ಯಾಹ್ನ ಮೀರಾ ನಿದ್ದೆಯಿಂದ ಎದ್ದಾಗ ಮಂಚದ ಪಕ್ಕದಲ್ಲಿ ನಾನಿದ್ದೆ, ಗೌರಾಬಾಯಿ ಸ್ನಾನಕ್ಕೆ ಹೋಗಿದ್ದರು. ಎರಡೂವರೆ ವರ್ಷ ಪ್ರತಿ ಮಧ್ಯಾಹ್ನ ಕಣ್ಣು ತೆರೆದು ನನ್ನನ್ನು ಹುಡುಕಿದ ಮಗು ಅಂದು ನನ್ನನ್ನು ನೋಡಿ, ನನ್ನ ಆಚೆ ನೋಡಿ, "ಆಯಿ ಎಲ್ಲಿ?" ಎಂದಿತು. ಕೈಗೆಟುಕುವ ಕಪಾಟಿನಲ್ಲಿ ಬಿಸ್ಕಿಟ್ಟಿನ ಡಬ್ಬಿಯಿತ್ತು, ಬಾಲ್ಕನಿಯಲ್ಲಿ ಪಾರಿವಾಳಗಳಿದ್ದವು. ಎರಡೂವರೆ ವರ್ಷದ ಮಗುವಿನ ಮನಸ್ಸು ತಿರುಗಿಸಲು ಇಷ್ಟು ಸಾಕೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ನಾನು ಅವಳನ್ನು ಎತ್ತಿಕೊಂಡು ಬಚ್ಚಲ ಬಾಗಿಲ ಮುಂದೆ ಹೋಗಿ ನಿಂತೆ. ಒಳಗೆ ತಂಬಿಗೆಯಿಂದ ನೀರು ಸುರಿಯುವ ಸದ್ದು ಕೇಳುತ್ತಿತ್ತು. "ಅಲ್ಲೇ ಅದಾಳ ನೋಡು" ಎಂದೆ. ಮೀರಾ ಬಾಗಿಲಿನ ಮೇಲೆ ಅಂಗೈ ಇಟ್ಟಳು. ಗೌರಾಬಾಯಿಯ ಸ್ನಾನ ಬಹಳ ನಿಧಾನ. ಮಗು ನನ್ನ ತೋಳಿಗೆ ಭಾರವಾಗುತ್ತ ಬಂತು, ಬದಲಿಸಿ ಇನ್ನೊಂದು ತೋಳಿಗೆ ಹಾಕಿಕೊಂಡು, ಬಾಗಿಲು ತೆರೆಯುವವರೆಗೆ ಅಲ್ಲೇ ನಿಂತಿದ್ದೆ.